ಪೀಣ್ಯದ ಗಾಡಿ, ನಿಪನಾಳದ ಹಾಡು

ಪೀಣ್ಯದಲ್ಲಿ ಗಾಡಿಗಳು ಮುಂದಕ್ಕೆ ಹೋಗುವಾಗ ಬೈಯುತ್ತವೆ, ಹಿಂದಕ್ಕೆ ಬರುವಾಗ ಹಾಡುತ್ತವೆ. ಅನುಮಾನವಿದ್ದವರು ಬೆಳಿಗ್ಗೆ ಹತ್ತರ ಹೊತ್ತಿಗೆ ಎರಡನೇ ಹಂತದ ಯಾವುದಾದರೂ ಅಡ್ಡರಸ್ತೆಯಲ್ಲಿ ನಿಂತು ನೋಡಬಹುದು. ಕಬ್ಬಿಣದ ಸರಳು ಹೊತ್ತ ಕ್ಯಾಂಟರು ಶೆಡ್ಡಿನ ಬಾಗಿಲಿಗೆ ಬೆನ್ನು ಕೊಟ್ಟು ರಿವರ್ಸ್ ಬರುತ್ತ ಯಾವುದೋ ದೇಶಭಕ್ತಿ ಗೀತೆಯನ್ನು ಪೀಪಿಯಲ್ಲಿ ಊದುತ್ತದೆ. ಅದರ ಹಿಂದೆ ಸಿಕ್ಕಿಕೊಂಡ ಛೋಟಾ ಹಾತಿಯದು ಹಳೆಯ ಹಿಂದಿ ಸಿನಿಮಾದ ಧಾಟಿ. ಪಕ್ಕದ ಶೆಡ್ಡಿನ ಪವರ್ ಪ್ರೆಸ್ಸು ದಡ್ ದಡ್ ಎಂದು ತಾಳ ಹಾಕುತ್ತಿರುತ್ತದೆ, ಲೇತು ಕೀರಲು ದನಿಯಲ್ಲಿ ಶ್ರುತಿ ಹಿಡಿದಿರುತ್ತದೆ. ಚಹಾ ಅಂಗಡಿಯವನು ಗ್ಲಾಸು ತೊಳೆಯುವುದೂ ಅದೇ ಲಯಕ್ಕೆ. ಈ ಮೇಳಕ್ಕೆ ಕಿವಿ ಒಗ್ಗಿಹೋದ ನಮ್ಮಂಥವರಿಗೆ ಭಾನುವಾರದ ಮೌನವೇ ಕಿರಿಕಿರಿ. ಪವರ್ ಕಟ್ ಆದಾಗ ಬೆಚ್ಚಿ ತಲೆಯೆತ್ತಿ ನೋಡುವವರು ನಾವು.

ಇಂಥ ಗದ್ದಲದ ಮೇಲೆ ಸವಾರಿ ಮಾಡುವುದು ಸುಲಭವಲ್ಲ. ಆದರೆ ಒಂದು ಹಾಡು ಮಾಡಿತು. ನಾನು ಲೆಕ್ಕ ಬರೆಯುವ ವರ್ಕ್‌ಶಾಪಿನ ಮುಂದೆ ಲೋಡಿಗೆಂದು ನಿಲ್ಲುವ ಟೆಂಪೋಗಳಲ್ಲಿ ಮೊದಲು ಒಂದರಲ್ಲಿ ಕೇಳಿಸಿತು, ಆಮೇಲೆ ಅದರ ಹಿಂದಿನದರಲ್ಲಿ. ನೋಡನೋಡುತ್ತ ಗೇಟಿನ ವಾಚ್‌ಮನ್ನನ ಮೊಬೈಲಿಗೂ ಹೆಗ್ಗನಹಳ್ಳಿ ರಸ್ತೆಯ ಎಳನೀರು ಗಾಡಿಗೂ ಬಂತು. ಕೊನೆಗೆ ನಮ್ಮ ಮನೆಯ ಮೇಲಿನ ಮಹಡಿಯ ಹುಡುಗನ ಬಾತ್‌ರೂಮಿನಲ್ಲಿಯೂ. ಹಾಡಿನ ಹೆಸರು ‘ನಾ ಡ್ರೈವರ್’. ಹಾಡಿದವರು ಮಾಳು ನಿಪನಾಳ. ಯೂಟ್ಯೂಬಿನಲ್ಲಿ ಅದನ್ನು ನೋಡಿದವರ ಲೆಕ್ಕ ಕೋಟಿಗಳಲ್ಲಿದೆ. ಪೀಣ್ಯದಲ್ಲಿ ಅದನ್ನು ನೋಡಿದವರಿಗಿಂತ ಬೇಡವೆಂದರೂ ಕೇಳಿದವರು ಹೆಚ್ಚು.

ಬಿಲ್ಲು, ಇ-ವೇ ಬಿಲ್ಲು, ಗೇಟ್ ಪಾಸು ತಯಾರಾಗುವ ತನಕ ಟೆಂಪೋ ಹುಡುಗರು ನನ್ನ ಕಿಟಕಿಯ ಹೊರಗೆ ಕಾಯುತ್ತಾರೆ. ಅವರಲ್ಲೊಬ್ಬ ಮುಧೋಳದ ಕಡೆಯವನು. ಗಾಡಿ ಆಫ್ ಮಾಡುತ್ತಾನೆ, ಹಾಡು ಆಫ್ ಮಾಡುವುದಿಲ್ಲ.

“ಯಾರದಪ್ಪಾ ಇದು, ದಿನಾ ಇದೇ ಹಾಕ್ತೀಯ?” ಅಂದೆ ಒಮ್ಮೆ.

“ನಮ್ಮ ಮಾಳೂಂದ್ರಿ ಸರ. ನಿಮಗ ಗೊತ್ತಿಲ್ಲಾ?”

“ನಿಮ್ಮೂರಿನವನಾ?”

“ನಮ್ಮೂರಂವ ಅಲ್ರಿ. ನಮ್ಮ ಕಡ್ಯಾಂವ. ನಿಪನಾಳ ಅಂದ್ರ ರಾಯಬಾಗ ತಾಲೂಕಿನ್ಯಾಗ ಬರ್ತೈತಿ, ಬೆಳಗಾವಿ ಜಿಲ್ಲಾ.”

ಮುಧೋಳ ಬಾಗಲಕೋಟೆ ಜಿಲ್ಲೆ. ಊರಲ್ಲಿದ್ದರೆ ರಾಯಬಾಗದವನು ಇವನಿಗೆ ಪಕ್ಕದ ಜಿಲ್ಲೆಯವನು, ಕಬ್ಬಿನ ಬಾಕಿಯ ಜಗಳದಲ್ಲಿ ಬೇರೆ ಕಾರ್ಖಾನೆಯ ಕಡೆಯವನು. ತುಮಕೂರು ರಸ್ತೆಯಲ್ಲಿ ಇಳಿದ ಮೇಲೆ ಮಾತ್ರ ತುಂಗಭದ್ರೆಯಿಂದಾಚೆಯ ಅಷ್ಟೂ ಸೀಮೆ ‘ನಮ್ಮ ಕಡೆ’ ಆಗಿಬಿಡುತ್ತದೆ. ಬೀದರಿನವನೂ ನಮ್ಮ ಕಡೆ, ಹಾವೇರಿಯವನೂ ನಮ್ಮ ಕಡೆ. ಲಗ್ಗೆರೆಯ ಖಾನಾವಳಿಯಲ್ಲಿ ಒಂದೇ ಬೆಂಚಿನ ಮೇಲೆ ಕೂತು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ತಿನ್ನುವವರೆಲ್ಲ ಒಂದೇ ಊರಿನವರು. ಹಾಡುಗಾರನೊಬ್ಬ ಮೇಲೇರಲು ಇಂಥದೊಂದು ದೊಡ್ಡ ‘ನಮ್ಮ ಕಡೆ’ ಬೇಕು ಅಂತ ನನಗೆ ಹೊಳೆದದ್ದು ಆವತ್ತೇ. ನಿಪನಾಳದಲ್ಲಿ ಹುಟ್ಟಿದ ಹಾಡಿಗೆ ರಾಯಬಾಗದ ಜಾತ್ರೆಯಲ್ಲಿ ಚಪ್ಪಾಳೆ ಸಿಗುತ್ತದೆ. ಅದು ರಾಜ್ಯದ ಹಾಡಾಗುವುದು ಊರು ಬಿಟ್ಟವರೆಲ್ಲ ಒಟ್ಟಿಗೆ ಸೇರುವ ಪೀಣ್ಯದಂಥ ಜಾಗದಲ್ಲಿ.

ಈ ಹಾಡುಗಾರರ ಹೆಸರುಗಳೇ ನನಗೆ ಇಷ್ಟ. ಮಾಳು ನಿಪನಾಳ, ಪರಸು ಕೋಲೂರ. ಮನೆತನದ ಹೆಸರು, ಇನಿಶಿಯಲ್ಲು ಎಲ್ಲ ಪಕ್ಕಕ್ಕಿಟ್ಟು ಊರನ್ನೇ ಹೆಸರಿಗೆ ಕಟ್ಟಿಕೊಂಡವರು. ಭೂಪಟದಲ್ಲಿ ಹುಡುಕಿದರೂ ಸಿಗದ ಊರುಗಳು ಇವರಿಂದಾಗಿ ದಾಸರಹಳ್ಳಿಯ ಮಕ್ಕಳ ಬಾಯಲ್ಲಿವೆ. ಹಾಡಿನೊಳಗೂ ಅಷ್ಟೆ. ಈ ಬಗೆಯ ಹಾಡುಗಳ ಕೊನೆಯ ನುಡಿಗೆ ಕಿವಿಗೊಟ್ಟು ನೋಡಿ: ಬರೆದವನ ಹೆಸರು, ಹಾಡಿದವನ ಹೆಸರು, ಊರು, ಕೆಲವೊಮ್ಮೆ ಗೆಳೆಯರ ಪಟ್ಟಿ, ಇನ್ನು ಕೆಲವೊಮ್ಮೆ ರೆಕಾರ್ಡಿಂಗ್ ಮಾಡಿಕೊಟ್ಟವನ ಹೆಸರೂ ಪ್ರಾಸಕ್ಕೆ ಕೂತು ಬಂದುಬಿಡುತ್ತದೆ. ಮೊದಮೊದಲು ನನಗೆ ಇದು ಜಾಹೀರಾತಿನಂತೆ ಕಂಡಿತ್ತು. ಆಮೇಲೆ ಯೋಚಿಸಿದರೆ ಲಾವಣಿಕಾರರು ಮಾಡಿದ್ದೂ ಇದನ್ನೇ. ಕಲ್ಗಿ-ತುರಾ ಮೇಳಗಳ ಕವಿಗಳು ಕೊನೆಯಲ್ಲಿ ತಮ್ಮ ಊರನ್ನೂ ಗುರುವನ್ನೂ ಹೆಸರಿಸದೆ ಪದ ಮುಗಿಸಿದ್ದುಂಟೇ? ಹರದೇಶಿ-ನಾಗೇಶಿಯವರು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಬೆಳಗಿನ ಜಾವದ ತನಕ ಜಗಳವಾಡಿ, ಡಪ್ಪು ತುಂತುಣಿ ಇಳಿಸುವ ಮುಂಚೆ ಊರ ಹೆಸರು ಹೇಳಿಯೇ ಇಳಿಸುತ್ತಿದ್ದರು. ಈಗ ಡಪ್ಪಿನ ಜಾಗಕ್ಕೆ ರಿದಮ್ ಪ್ಯಾಡು ಬಂದಿದೆ, ತುಂತುಣಿಯ ಜಾಗಕ್ಕೆ ಕೀಬೋರ್ಡು. ಊರ ಹೆಸರು ಇದ್ದಲ್ಲೇ ಇದೆ.

ಘಟಪ್ರಭಾ, ಕೃಷ್ಣಾ ದಂಡೆಯ ಆ ಸೀಮೆಯಲ್ಲಿ ಹಾಡು ಕೇಳುವ ಪರಿಯೇ ಬೇರೆ. ಕಬ್ಬಿನ ಹಂಗಾಮಿನಲ್ಲಿ ಆ ಕಡೆ ಹೋದವರು ಕಂಡಿರುತ್ತೀರಿ. ಆಳೆತ್ತರ ಕಬ್ಬು ಹೇರಿದ ಎರಡು ಟ್ರೇಲರುಗಳನ್ನು ಎಳೆಯುತ್ತ ಟ್ರ್ಯಾಕ್ಟರು ಬರುತ್ತದೆ. ಅದು ಕಣ್ಣಿಗೆ ಬೀಳುವ ಮುಂಚೆಯೇ ಅದರ ಹಾಡು ಬಂದಿರುತ್ತದೆ. ಚಾಲಕನ ಸೀಟಿನ ಎರಡೂ ಬದಿಗೆ ಸೌಂಡ್ ಬಾಕ್ಸು. ಟ್ರೇಲರಿನ ಬ್ರೇಕ್ ಲೈಟಿಗೆ ಇಲ್ಲದ ಬ್ಯಾಟರಿ ಬಾಕ್ಸಿಗೆ ಇರುತ್ತದೆ. ಹಾಡು ಟ್ರ್ಯಾಕ್ಟರಿನ ಎಂಜಿನ್ನಿನ ಸದ್ದನ್ನು ಮೀರಬೇಕು, ಗುಂಡಿಯಲ್ಲಿ ಗಾಡಿ ಎದ್ದುಬಿದ್ದರೂ ಲಯ ತಪ್ಪಬಾರದು, ಕಾರ್ಖಾನೆಯ ಗೇಟಿನ ಮುಂದೆ ಸಾಲಿನಲ್ಲಿ ರಾತ್ರಿಯಿಡೀ ನಿಂತಾಗ ನಿದ್ದೆಯನ್ನೂ ಓಡಿಸಬೇಕು. ಡೀಸೆಲ್ ಎಂಜಿನ್ನಿನ ಪಕ್ಕದಲ್ಲಿ ಪರೀಕ್ಷೆಗೆ ಕೂತು ಪಾಸಾದ ಹಾಡು ಅದು. ಅಂಥದಕ್ಕೆ ಪೀಣ್ಯದ ಪವರ್ ಪ್ರೆಸ್ಸು ಯಾವ ಲೆಕ್ಕ?

ಇಲ್ಲಿನ ಡ್ರೈವರುಗಳ ರಾತ್ರಿಯೂ ಅಂಥದೇ. 2021ರ ಡಿಸೆಂಬರಿನಲ್ಲಿ ಗೊರಗುಂಟೆಪಾಳ್ಯದ ಮೇಲ್ಸೇತುವೆಯ ಕೇಬಲ್ಲುಗಳಲ್ಲಿ ದೋಷ ಕಂಡು ಸಂಚಾರ ನಿಲ್ಲಿಸಿದರಲ್ಲ, ಕಾರು ಬೈಕುಗಳಿಗೆ ಕೆಲವೇ ವಾರಗಳಲ್ಲಿ ದಾರಿ ಬಿಟ್ಟರೂ ಲಾರಿ ಬಸ್ಸುಗಳಿಗೆ ಅದು ತೆರೆದದ್ದು 2024ರ ಜುಲೈ ಕೊನೆಗೆ. ಎರಡೂವರೆ ವರ್ಷ ಕರ್ನಾಟಕದ ಅರ್ಧದಷ್ಟು ಸರಕು ಸೇತುವೆಯ ಕೆಳಗೆ ಇಂಚಿಂಚು ತೆವಳಿತು ಅಂದರೆ ಸ್ವಲ್ಪ ಉತ್ಪ್ರೇಕ್ಷೆ ಇರಬಹುದು, ಎಂಟನೇ ಮೈಲಿಯಲ್ಲಿ ನಿಂತು ನೋಡಿದವರಿಗೆ ಇಲ್ಲ. ಆ ಸಾಲಿನಲ್ಲಿ ಇಂಜಿನ್ ಆರಿಸಿ, ಕಾಲನ್ನು ಡ್ಯಾಶ್‌ಬೋರ್ಡಿನ ಮೇಲೆ ಚಾಚಿ, ತಮ್ಮ ಊರ ಹಾಡು ಹಾಕಿಕೊಂಡು ಕೂತವರನ್ನು ಆಗ ದಿನಾ ನೋಡುತ್ತಿದ್ದೆ. ಬೆಂಗಳೂರಿನ ಟ್ರಾಫಿಕ್ಕು ಕನ್ನಡ ಜಾನಪದಕ್ಕೆ ಮಾಡಿದ ಸೇವೆಯನ್ನು ಯಾವ ಅಕಾಡೆಮಿಯೂ ಇನ್ನೂ ಗುರುತಿಸಿಲ್ಲ.

ಬಸ್ಸಿನಲ್ಲಿ ಹೀಗೆ ಕೇಳುವಂತಿಲ್ಲ, ಬಿಡಿ. ಮೊಬೈಲ್ ಸ್ಪೀಕರಿನಲ್ಲಿ ಹಾಡು ಹಾಕುವುದನ್ನು ಕೆಎಸ್‌ಆರ್‌ಟಿಸಿ 2021ರ ನವೆಂಬರಿನಲ್ಲೇ ನಿಷೇಧಿಸಿತು. ಹಾಗೆ ಕೇಳಿದವನನ್ನು ಕಂಡಕ್ಟರು ಇಳಿಸಬಹುದು. ಬಸ್ಸಿನ ಮಾತು ಬಂದದ್ದಕ್ಕೆ ಇನ್ನೊಂದು: ಉತ್ತರ ಕರ್ನಾಟಕದ ಬಸ್ಸುಗಳಿಗೆಂದೇ ಪೀಣ್ಯದಲ್ಲಿ ಬಸವೇಶ್ವರ ಬಸ್ ನಿಲ್ದಾಣವನ್ನು 2014ರಲ್ಲಿ ತೆರೆದರು. ಊರಿಗೆ ಹೋಗುವವರು ಮೆಜೆಸ್ಟಿಕ್ಕನ್ನು ಬಿಡಲಿಲ್ಲ, ಬಸ್ಸುಗಳು ಹಿಂದಕ್ಕೆ ಹೋದವು, ಅಷ್ಟು ದೊಡ್ಡ ಕಟ್ಟಡ ಭಣಗುಟ್ಟುತ್ತ ಉಳಿಯಿತು. ಸರ್ಕಾರ ಕಟ್ಟಿಕೊಟ್ಟ ನಿಲ್ದಾಣದಲ್ಲಿ ಸೇರದ ಜನ ಶನಿವಾರ ರಾತ್ರಿ ಗೊರಗುಂಟೆಪಾಳ್ಯದ, ಜಾಲಹಳ್ಳಿ ಕ್ರಾಸಿನ ಫುಟ್‌ಪಾತಿನಲ್ಲಿ ತಾವೇ ಸೇರುತ್ತಾರೆ: ಚೀಲ, ಬಕೆಟ್ಟು, ಮಗುವಿಗೊಂದು ಪ್ಲಾಸ್ಟಿಕ್ ಸೈಕಲ್ಲು ಸಮೇತ.

ಹಾಡಿನ ಹೆಸರಿಗೆ ಬರುತ್ತೇನೆ. ಮುಧೋಳದ ಹುಡುಗನಿಗೆ ಆ ಹಾಡು ಯಾಕೆ ಅಷ್ಟು ಹಿಡಿಸಿತು ಅನ್ನುವುದು ಅವನ ಮದುವೆಯ ಮಾತುಕತೆ ಕೇಳಿದ ಮೇಲೆ ನನಗೆ ಅರ್ಥವಾಯಿತು. ಹೆಣ್ಣು ನೋಡಲು ಹೋದಲ್ಲೆಲ್ಲ ಚಹಾ, ಚೂಡಾ ಬರುವ ತನಕ ಎಲ್ಲ ಸರಿ.

“ಹುಡುಗ ಏನ್ ಮಾಡ್ತಾನ್ರಿ?”

“ಬೆಂಗಳೂರಾಗ ಅದಾನ್ರಿ. ಗಾಡಿ ಹೊಡೀತಾನ.”

ಅಲ್ಲಿಗೆ ಮಾತು ಮಳೆ-ಬೆಳೆಯ ಕಡೆಗೆ ತಿರುಗುತ್ತದೆ. ಆಮೇಲೆ “ವಿಚಾರ ಮಾಡಿ ಹೇಳ್ತೀವ್ರಿ” ಎಂಬ ವಾಕ್ಯ ಬರುತ್ತದೆ. ವಿಚಾರ ಮಾಡಿದವರು ಯಾರೂ ತಿರುಗಿ ಫೋನು ಮಾಡುವುದಿಲ್ಲ. ಎರಡೆಕರೆ ಇದ್ದವನಿಗೆ ಹೆಣ್ಣಿಲ್ಲ, ಇಪ್ಪತ್ತೆಕರೆ ಇದ್ದವನಿಗೂ ಈಗ ಹೆಣ್ಣಿಲ್ಲ. ಸ್ಟೇರಿಂಗು ಮಾತ್ರ ಇದ್ದವನನ್ನು ಕೇಳುವವರು ಯಾರು? ಎಲೆಕ್ಟ್ರಾನಿಕ್ ಸಿಟಿಯ ದೊಡ್ಡ ಕಂಪನಿಯ ಕ್ಯಾಬ್ ಓಡಿಸುವ ಇವನ ಗೆಳೆಯನ ತಾಯಿ ಊರಲ್ಲಿ “ನಮ್ಮ ಹುಡುಗ ಐಟಿ ಕಂಪನ್ಯಾಗ ಅದಾನ” ಅಂತಲೇ ಹೇಳಿದ್ದಾಳಂತೆ. ಸುಳ್ಳಲ್ಲವಲ್ಲ. ದಿನಾ ಎರಡು ಸಲ ಕಂಪನಿಯ ಗೇಟಿನೊಳಗೆ ಹೋಗಿಬರುತ್ತಾನೆ.

ಅಂಥವನ ಕೈಗೆ ತನ್ನ ಕಸುಬನ್ನು ಎದೆಯುಬ್ಬಿಸಿ ಹೇಳಿಕೊಳ್ಳುವ ಹಾಡೊಂದು ಸಿಕ್ಕರೆ ಅವನು ಅದನ್ನು ಯಾಕೆ ಆಫ್ ಮಾಡುತ್ತಾನೆ? ‘ಏನು ಮಾಡ್ತಾನೆ’ ಎಂಬ ಪ್ರಶ್ನೆಗೆ ಗಂಟಲು ತಗ್ಗಿಸಿ ಹೇಳಬೇಕಾಗಿದ್ದ ಉತ್ತರವನ್ನೇ ಹಾಡು ಬೀದಿಗೆಲ್ಲ ಕೇಳುವಂತೆ ಕೂಗಿತು. ನಾನು ಕಂಡ ಮಟ್ಟಿಗೆ ಅದರ ಯಶಸ್ಸಿನ ಗುಟ್ಟು ರಾಗಕ್ಕಿಂತ ಇಲ್ಲಿದೆ.

ಬೆಂಗಳೂರಿಗೆ ಡ್ರೈವರ್ ನಾಯಕ ಹೊಸಬನಲ್ಲ. 1980ರ ‘ಆಟೋ ರಾಜ’ದಲ್ಲಿ ಶಂಕರ್ ನಾಗ್ ಖಾಕಿ ತೊಟ್ಟು ಆಟೋ ಓಡಿಸಿದ್ದೇ ಓಡಿಸಿದ್ದು, ಅವರು 1990ರಲ್ಲಿ ದಾವಣಗೆರೆಯ ಹತ್ತಿರ ಅಪಘಾತದಲ್ಲಿ ತೀರಿಹೋಗಿ ಇಷ್ಟು ವರ್ಷವಾದರೂ ಆಟೋ ಸ್ಟ್ಯಾಂಡುಗಳಲ್ಲಿ ಭುವನೇಶ್ವರಿಯ ಪಕ್ಕದ ಪಟ ಅವರದೇ. ಆದರೆ ಅದು ಸಿನಿಮಾದವರು ಆಟೋದವನಿಗೆ ಕೊಟ್ಟ ಮರ್ಯಾದೆ. ಈ ಹಾಡಿನ ಹಿಂದೆ ಅಂಥ ಸಿನಿಮಾ ಇರಲಿಲ್ಲ. ಪೋಸ್ಟರು, ಥಿಯೇಟರು, ನೂರು ದಿನದ ಸಮಾರಂಭ ಯಾವುದೂ ಇಲ್ಲದೆ ಫೋನಿನಿಂದ ಫೋನಿಗೆ ಬಂತು.

ನಮ್ಮ ಕಾಲದಲ್ಲಿ ಹಾಡುಗಾರರು ಬರುತ್ತಿದ್ದ ದಾರಿ ಬೇರೆ. ಶಿವಮೊಗ್ಗ ಸುಬ್ಬಣ್ಣನವರನ್ನು ನೆನೆಯಿರಿ. ಹೊಸನಗರ ತಾಲ್ಲೂಕಿನ ನಗರದವರು, ವೃತ್ತಿಯಿಂದ ವಕೀಲರು. ಚಂದ್ರಶೇಖರ ಕಂಬಾರರು ‘ಕಾಡು ಕುದುರೆ’ ಸಿನಿಮಾ ಮಾಡಿದಾಗ ಅದರ ಹಾಡನ್ನು ಇವರ ಕೈಲಿ ಹಾಡಿಸಿದರು. 1978ರ ಸಾಲಿನ ರಾಷ್ಟ್ರಪ್ರಶಸ್ತಿ ಬಂತು, ಹಿನ್ನೆಲೆ ಗಾಯನಕ್ಕೆ ಆ ಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಎನಿಸಿದರು. 2022ರಲ್ಲಿ ಅವರು ತೀರಿಕೊಳ್ಳುವ ತನಕವೂ ಯಾವ ವೇದಿಕೆ ಹತ್ತಿದರೂ ಜನ ಕೇಳುತ್ತಿದ್ದದ್ದು ಆ ಹಾಡನ್ನೇ. ನಿಸಾರ್ ಅಹಮದರ ಪದ್ಯಗಳ ‘ನಿತ್ಯೋತ್ಸವ’ ಕ್ಯಾಸೆಟ್ಟು ಬಂದದ್ದೂ 1978ರಲ್ಲೇ, ಮೈಸೂರು ಅನಂತಸ್ವಾಮಿಯವರ ಸಂಯೋಜನೆಯಲ್ಲಿ; ಭಾವಗೀತೆಗಳು ಕ್ಯಾಸೆಟ್ಟು ಹತ್ತಿ ಮನೆಮನೆಗೆ ಹೊರಟದ್ದು ಅಲ್ಲಿಂದ. ಕವಿ, ಸಂಯೋಜಕ, ಗಾಯಕ, ಕಂಪನಿ, ಅಂಗಡಿ ಎಂಬ ಮೆಟ್ಟಿಲುಗಳನ್ನು ಹತ್ತಿಯೇ ಹಾಡು ನಮ್ಮ ಟೇಪ್ ರೆಕಾರ್ಡರಿಗೆ ಬರಬೇಕಿತ್ತು. ಗುರುರಾಜ ಹೊಸಕೋಟೆಯವರ ಜಾನಪದ ಕ್ಯಾಸೆಟ್ಟುಗಳು ಉತ್ತರ ಕರ್ನಾಟಕದ ಬಸ್‌ಸ್ಟ್ಯಾಂಡುಗಳಲ್ಲಿ ಮೊಳಗುತ್ತಿದ್ದ ಕಾಲದಲ್ಲೂ ಮೆಟ್ಟಿಲುಗಳಿದ್ದವು, ಎತ್ತರ ಕೊಂಚ ಕಡಿಮೆ ಅಷ್ಟೆ.

ನನಗೆ ರುಚಿಸಿದ ಸಂಗತಿ ಇನ್ನೊಂದು. ಕಂಬಾರರ ಊರು ಘೋಡಗೇರಿ, ಹುಕ್ಕೇರಿ ತಾಲ್ಲೂಕು. ನಿಪನಾಳದ ರಾಯಬಾಗ ಅದಕ್ಕೆ ಅಂಟಿಕೊಂಡ ತಾಲ್ಲೂಕು. ಅಂದರೆ ನಾವು ಹೈಸ್ಕೂಲು ಮೇಷ್ಟ್ರುಗಳ ಮನೆಯಲ್ಲಿ ತಲೆದೂಗಿ ಕೇಳಿದ ‘ಕಾಡು ಕುದುರೆ’ಯ ಆ ಮಟ್ಟೂ, ಈಗ ಟೆಂಪೋ ಕ್ಯಾಬಿನ್ನಿನಲ್ಲಿ ಕಿವಿ ಮುಚ್ಚಿಕೊಳ್ಳುವಂತೆ ಕೇಳಿಸುವ ಈ ಮಟ್ಟೂ ಒಂದೇ ಬಯಲಿನ ಗಾಳಿ ಕುಡಿದವು. ಮೊದಲನೆಯದು ಮಲೆನಾಡಿನ ವಕೀಲರೊಬ್ಬರ ಕಂಠ ಹೊಕ್ಕು, ದೆಹಲಿಯ ಪದಕ ತೊಟ್ಟು ನಮ್ಮಲ್ಲಿಗೆ ಬಂದದ್ದರಿಂದ ಅದನ್ನು ಕಲೆ ಅಂದೆವು. ಎರಡನೆಯದು ತನ್ನ ಊರಿನವನ ಗಂಟಲಿನಲ್ಲೇ ಬಂದುಬಿಟ್ಟಿತು.

ಇದನ್ನು ನನ್ನ ಗೆಳೆಯರೊಬ್ಬರು ಒಪ್ಪುವುದಿಲ್ಲ. ನಿವೃತ್ತ ಕನ್ನಡ ಮೇಷ್ಟ್ರು, ಸಂಜೆ ನೆಲಗದರನಹಳ್ಳಿಯ ಪಾರ್ಕಿನಲ್ಲಿ ನನಗೆ ಜೊತೆ. “ರೀ, ಇದನ್ನ ಜಾನಪದ ಅಂತೀರಾ? ಜಾನಪದಕ್ಕೆ ಕರ್ತೃ ಇರೋದಿಲ್ಲ ಕಣ್ರೀ, ಇವರು ಕೊನೆಗೆ ಫೋನ್ ನಂಬರ್ ಒಂದು ಹಾಡೋದಿಲ್ಲ” ಅನ್ನುತ್ತಾರೆ. ಹಲಸಂಗಿ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಅವರ ಕಪಾಟಿನಲ್ಲಿದೆ. ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳ ಹೊಟ್ಟೆಯೊಳಗಿನ ಮಾತನ್ನು ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಗೆಳೆಯರು ಹಳ್ಳಿ ಹಳ್ಳಿ ತಿರುಗಿ ಬರೆದುಕೊಂಡ ಪುಸ್ತಕ. ಅದರ ಮುಂದೆ ಇದನ್ನಿಟ್ಟು ನೋಡಿ ಅನ್ನುವುದು ಅವರ ಸವಾಲು. ಇಟ್ಟು ನೋಡಿದೆ. ಮೇಷ್ಟ್ರು ಹೇಳಿದ್ದು ಅರ್ಧ ಸರಿ. ಹಾಡುಗಳ ರಾಶಿಯಲ್ಲಿ ಮುಕ್ಕಾಲುಪಾಲು ಒಂದೇ ಬೀಟಿನವು, ಒಂದರ ಧಾಟಿ ಇನ್ನೊಂದಕ್ಕೆ ಹೊಲಿದವು, ಕೈಕೊಟ್ಟ ಹುಡುಗಿಯನ್ನು ಬೈಯುವುದೇ ಕೆಲಸ. ನೌಕರಿಯವನನ್ನು ಮದುವೆಯಾಗಿ ಹೋದಳು, ಮೋಸ ಮಾಡಿದಳು, ಮರೆತಳು. ಆ ಹುಡುಗಿಗೂ ಅಪ್ಪ ಒಬ್ಬನಿದ್ದ, ಅವನು ‘ಹುಡುಗ ಏನ್ ಮಾಡ್ತಾನೆ’ ಅಂತ ಕೇಳಿದ ಅನ್ನುವುದು ಯಾವ ಹಾಡಿನಲ್ಲೂ ನನ್ನ ಕಿವಿಗೆ ಬೀಳಲಿಲ್ಲ. ಆದರೆ ಉಳಿದರ್ಧ ಮೇಷ್ಟ್ರು ತಪ್ಪು. ಬೀಸುಕಲ್ಲಿನ ಹಾಡೂ ಕೆಲಸದ ಲಯಕ್ಕೆ, ಕೆಲಸದ ಬೇಸರ ಕಳೆಯಲು ಹುಟ್ಟಿದ್ದೇ. ಅದನ್ನು ಕಟ್ಟಿದ ಹೆಂಗಸಿಗೂ ಒಂದು ಹೆಸರಿತ್ತು, ಬರೆದುಕೊಳ್ಳುವವರು ಬರುವಷ್ಟರಲ್ಲಿ ಅಳಿಸಿಹೋಗಿತ್ತು. ಇವರು ಹೆಸರು ಅಳಿಸಿಹೋಗದಂತೆ ಪ್ರಾಸದೊಳಗೇ ಸೇರಿಸಿ ಗಟ್ಟಿ ಮಾಡಿಕೊಂಡರೆ ತಪ್ಪೇನು?

ನಮ್ಮ ಮನೆಯವಳ ಮೆಚ್ಚಿನ ಹಾಡುಗಾರ ಮಾಳು ಅಲ್ಲ, ಹನುಮಂತ. ಅವನ ಕತೆ ನಿಮಗೆಲ್ಲ ಗೊತ್ತಿದ್ದದ್ದೇ. ಹಾವೇರಿ ಜಿಲ್ಲೆಯ ಸವಣೂರು ತಾಲ್ಲೂಕಿನ ಚಿಲ್ಲೂರ ಬಡ್ನಿಯ ಕುರಿ ಕಾಯುವ ಲಂಬಾಣಿ ಹುಡುಗ, ಜೀ ಕನ್ನಡದ ‘ಸರಿಗಮಪ’ದ ಹದಿನೈದನೇ ಸೀಸನ್ನಿಗೆ ಬಂದು ಹಂಸಲೇಖ, ವಿಜಯ್ ಪ್ರಕಾಶ್, ಅರ್ಜುನ್ ಜನ್ಯ, ರಾಜೇಶ್ ಕೃಷ್ಣನ್ ಎದುರು ಬೆದರದೆ ನಿಂತು ಹಾಡಿ, 2019ರಲ್ಲಿ ಎರಡನೆಯವನಾಗಿ ಹೊರಬಂದ. ಆಮೇಲೆ ‘ಬಿಗ್ ಬಾಸ್’ ಹನ್ನೊಂದನೇ ಸೀಸನ್ನಿಗೆ ಮಧ್ಯದಲ್ಲಿ ಹೋಗಿ, 2025ರ ಜನವರಿಯಲ್ಲಿ ಐದು ಕೋಟಿಗೂ ಮೀರಿದ ವೋಟು ಪಡೆದು ಗೆದ್ದು 50 ಲಕ್ಷ ರೂಪಾಯಿ ಹಿಡಿದು ಊರಿಗೆ ಹೋದ. ಆ ವೋಟುಗಳಲ್ಲಿ ಒಂದಷ್ಟು ನಮ್ಮ ಮನೆಯ ಸೋಫಾದ ಮೇಲಿಂದ ಹೋದವು. “ಏನ್ರೀ, ಆ ಹುಡುಗನ್ನ ನೋಡಿದ್ರೆ ನಮ್ಮ ಮನೇವನು ಅನ್ಸಲ್ವಾ?” ಅನ್ನುತ್ತಾಳೆ. ಇವಳು ಹುಟ್ಟಿದ್ದು ಕುಣಿಗಲ್ಲಿನಲ್ಲಿ. ‘ನಮ್ಮ ಕಡೆ’ಯ ಗಡಿ ತುಂಗಭದ್ರೆ ದಾಟಿ ಇಳಿದು ಬಂದದ್ದು ಹೀಗೆ.

ಮಾಳು ಕೂಡ ‘ಬಿಗ್ ಬಾಸ್’ನ ಹನ್ನೆರಡನೇ ಸೀಸನ್ನಿಗೆ ಹೋದರು, 2025ರ ಸೆಪ್ಟೆಂಬರ್ 28ಕ್ಕೆ. ಹೋಗಿ ಹತ್ತು ದಿನವಾಗುವಷ್ಟರಲ್ಲಿ ಆ ಮನೆಯಿದ್ದ ಬಿಡದಿಯ ಸ್ಟುಡಿಯೋಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಆದೇಶದ ಮೇಲೆ ಬೀಗ ಬಿತ್ತು, ಒಳಗಿದ್ದವರನ್ನೆಲ್ಲ ರೆಸಾರ್ಟಿಗೆ ಸಾಗಿಸಿ ಒಂದೆರಡು ದಿನದಲ್ಲಿ ವಾಪಸು ತಂದರು. ರಾಜ್ಯವೆಲ್ಲ ಬೆರಗಾಗಿ ಟಿವಿ ನೋಡುತ್ತಿದ್ದರೆ ಪೀಣ್ಯದ ಪ್ಲೇಟಿಂಗ್ ಶೆಡ್ಡುಗಳವರು ಮಾತ್ರ ನಿರ್ಲಿಪ್ತರಾಗಿ ಚಹಾ ಕುಡಿದರು. ಮಂಡಳಿಯ ನೋಟಿಸು ಅವರ ಪಾಲಿಗೆ ಯುಗಾದಿ, ದೀಪಾವಳಿಯಂತೆ ವರ್ಷವರ್ಷ ಬರುವಂಥದು. ನಮ್ಮ ಮುಧೋಳದವನಿಗೆ ಮಾತ್ರ ಚಿಂತೆ. “ಊಟಕ್ಕ ಏನ್ ಮಾಡ್ಯಾರೋ ಏನೋ ಸರ, ರೊಟ್ಟಿ ಸಿಕ್ಕಾವೋ ಇಲ್ಲೋ.”

‘ನಾ ಡ್ರೈವರ್’ ಪೀಣ್ಯದಲ್ಲೇ ನಿಲ್ಲಲಿಲ್ಲ, ವೈಟ್‌ಫೀಲ್ಡಿಗೂ ಹೋಯಿತು. ಅಲ್ಲಿನ ಕತೆ ಚಿಕ್ಕದು. ನನ್ನ ತಂಗಿಯ ಮಗಳು ಅಲ್ಲಿ ಸಾಫ್ಟ್‌ವೇರು ಕೆಲಸದಲ್ಲಿದ್ದಾಳೆ. ಅವಳ ಆಫೀಸಿನ ಕನ್ನಡ ಬಳಗದವರು ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ಕರೆದರು. 2023ರ ಅಕ್ಟೋಬರಿನಿಂದ ಮೆಟ್ರೋ ಅಲ್ಲಿಯ ತನಕ ತಡೆಯಿಲ್ಲದೆ ಹೋಗುತ್ತದಲ್ಲ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ ಹೋದೆ. ನಾಡಗೀತೆ, ಡೊಳ್ಳು, ಎಚ್‌ಆರ್ ಸಾಹೇಬರ ಇಂಗ್ಲಿಷ್ ಭಾಷಣ ಎಲ್ಲ ಆದ ಮೇಲೆ ಆರ್ಕೆಸ್ಟ್ರಾದವರು ಒಂದು ಭಾವಗೀತೆ ಹಾಡಿದರು, ಜನ ಮೊಬೈಲು ನೋಡುತ್ತ ಕೂತರು. ಆಮೇಲೆ ಡಿಜೆಯವನು ‘ರ್‍ಯಾಂಬೋ 2’ರ ‘ಚುಟು ಚುಟು’ ಹಾಕಿದ. ರವೀಂದ್ರ ಸೊರಗಾವಿ, ಶಮಿತಾ ಮಲ್ನಾಡ್ ಹಾಡಿದ, 2018ರಲ್ಲಿ ಸಿನಿಮಾ ಮಂದಿಗೆ ಉತ್ತರ ಕರ್ನಾಟಕದ ಭಾಷೆಯ ಬೆಲೆ ತಿಳಿಸಿಕೊಟ್ಟ ಹಾಡು. ಅದರ ಬೆನ್ನಿಗೇ ‘ನಾ ಡ್ರೈವರ್’ ಬಂತು. ಹೈದರಾಬಾದಿನವರು, ಲಖನೌದವರು, ಕೊಯಮತ್ತೂರಿನವರು, ಕೊರಳಿಗೆ ಐಡಿ ಕಾರ್ಡು ನೇತಾಡಿಸಿಕೊಂಡೇ ಕುಣಿದರು. ತಿಂಗಳಿಗೆ ಲಕ್ಷಗಟ್ಟಲೆ ಎಣಿಸುವವರು ಡ್ರೈವರನ ಹಾಡಿಗೆ ಕುಣಿಯುತ್ತಿದ್ದರೆ, ಅವರನ್ನು ಮನೆಗೆ ಬಿಡಬೇಕಾದ ಕ್ಯಾಬುಗಳು ಬೇಸ್‌ಮೆಂಟಿನಲ್ಲಿ ಸಾಲಾಗಿ ನಿಂತಿದ್ದವು. ಕೆಳಗೆ ಇಳಿದು ಹೋದಾಗ ಕ್ಯಾಬಿನವನೊಬ್ಬ ತಂಗಿಯ ಮಗಳನ್ನು ಕೇಳಿದ: “ಮೇಡಂ, ಮ್ಯಾಲ ನಮ್ಮ ಹಾಡು ಹಚ್ಚಿದ್ರೇನು?” ಹೌದು ಅಂದಳು. “ಇಲ್ಲೀತನಕ ಕೇಳಸ್ತು” ಅಂದ, ಲಾಗ್‌ಶೀಟಿಗೆ ಸಹಿ ಹಾಕಿಸಿಕೊಂಡ.

ಮೇಷ್ಟ್ರ ಕಪಾಟಿನ ಆ ಪುಸ್ತಕ ಮಾತ್ರ ನನ್ನನ್ನು ಬಿಡಲಿಲ್ಲ. ಅದರಲ್ಲಿ ಹಾಡಿದವರೆಲ್ಲ ಹೆಂಗಸರು. ಪೀಣ್ಯದಲ್ಲಿ ಸಂಜೆ ಆರಕ್ಕೆ ಗಾರ್ಮೆಂಟ್ಸ್ ಬಿಟ್ಟಾಗ ರಸ್ತೆ ತುಂಬ ಯಾರು? ಟಿಫಿನ್ ಬ್ಯಾಗು ತೋಳಿಗೆ ಹಾಕಿಕೊಂಡು, ಮಲ್ಲಿಗೆಯ ಮೊಳಕ್ಕೆ ಚೌಕಾಸಿ ಮಾಡುತ್ತ, ಚೊಕ್ಕಸಂದ್ರದ ಕಡೆಗೂ ಅಂದ್ರಹಳ್ಳಿಯ ಕಡೆಗೂ ಹರಿದು ಹೋಗುವ ಹೆಣ್ಣುಮಕ್ಕಳು. ಅವರ ಇಯರ್‌ಫೋನಿನಲ್ಲಿಯೂ ಡ್ರೈವರನ ಹಾಡೇ ಇದೆ. ಕಾಲರು ಕೂರಿಸುವವಳು, ಕಾಜಾ ಹಾಕುವವಳು, ಸೂಪರ್‌ವೈಸರನ ಬೈಗುಳಕ್ಕೆ ಎದುರು ಮಾತಾಡದೆ ಟಾರ್ಗೆಟ್ ಮುಗಿಸುವವಳು, ಇವರಲ್ಲಿ ಹಾಡು ಕಟ್ಟುವವಳು ಇಲ್ಲವೆಂದರೆ ನಾನು ನಂಬುವುದಿಲ್ಲ. ಸೋಬಾನೆ ಹೇಳುವ ಗಂಟಲುಗಳು ಪ್ರತಿ ಬಾಡಿಗೆ ಮನೆಯ ಸಾಲಿನಲ್ಲೂ ಇವೆ. ನಮ್ಮ ಬೀದಿಯ ಸೀಮಂತವೊಂದರಲ್ಲಿ ಪಾವಗಡದ ಕಡೆಯ ಟೇಲರ್ ಹೆಂಗಸೊಬ್ಬಳು ಹಾಡಿದ್ದನ್ನು ಕೇಳಿ ಶಾಮಿಯಾನದವನು ಕುರ್ಚಿ ಎತ್ತುವುದನ್ನೇ ಮರೆತು ನಿಂತಿದ್ದ. ಡ್ರೈವರನಿಗೆ ಸಿಕ್ಕದ್ದು ಅವಳಿಗೆ ಸಿಗದೆ ಇರುವುದು ದನಿಯ ಕೊರತೆಯಿಂದಲ್ಲ. ಅವನಿಗೆ ಹಾಡು ಹಾಕಿಕೊಂಡು ಕೂರಲು ಒಂದು ಕ್ಯಾಬಿನ್ ಇದೆ. ಅವಳಿಗೆ ಹೊಲಿಗೆ ಯಂತ್ರದ ಮುಂದೆ ತಲೆಯೆತ್ತಲು ಬಿಡುವಿಲ್ಲ, ಮನೆಗೆ ಬಂದರೆ ಕುಕ್ಕರಿನ ಸೀಟಿ.

ರಾಜ್ಯೋತ್ಸವ ಸಮಿತಿಗಳವರು, ಆಟೋ ಸ್ಟ್ಯಾಂಡಿನವರು, ಕಾರ್ಖಾನೆಯ ಕನ್ನಡ ಸಂಘದವರು ಈ ಪ್ರಬಂಧ ಓದುತ್ತಿದ್ದರೆ ಅವರಲ್ಲಿ ಒಂದು ಅರಿಕೆ. ಊರ ಹಾಡುಗಾರರನ್ನು ಧಾರಾಳವಾಗಿ ಕರೆಸಿ. ಅಡ್ವಾನ್ಸನ್ನು ಬಸ್ಸು ಹತ್ತುವ ಮುಂಚೆಯೇ ಕಳಿಸಿ, ಉಳಿದದ್ದನ್ನು ಅವರು ವೇದಿಕೆ ಇಳಿದ ರಾತ್ರಿಯೇ ಕೊಟ್ಟುಬಿಡಿ. ಕರಪತ್ರದಲ್ಲಿ ಹಾಡಿದವರ ಹೆಸರಿನ ಕೆಳಗೆ ಬರೆದವರ ಹೆಸರೂ ಇರಲಿ, ಪ್ಯಾಡು ಬಾರಿಸಿದವರದೂ ಇರಲಿ. ಕಾರ್ಯಕ್ರಮದ ನಡುವೆ ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳಿಗೆ ಅರ್ಧ ಗಂಟೆ ಮೈಕು ಬಿಟ್ಟುಕೊಡಿ. ಓಟಿ ಮುಗಿಸಿ, ಮನೆಗೆ ಹೋಗಿ ಮುಖ ತೊಳೆದು ಬರುವಷ್ಟರಲ್ಲಿ ಎಂಟೂವರೆ ಆಗುತ್ತದೆ. ಅವರ ಸರದಿಯನ್ನು ಅದಕ್ಕಿಂತ ಮೊದಲು ಇಡಬೇಡಿ.